ಪ್ರಮಾಣಪತ್ರವೂ ಪ್ರಮಾಣವೂ

ತಾರ್ಕಿಕರ ಮತದಲ್ಲಿ ಆಪ್ತನ ವಾಕ್ಯವೇ ಶಬ್ದಪ್ರಮಾಣವು. ವಿಷಯವನ್ನು ಬಲ್ಲವನೂ ಸತ್ಯವಾದಿಯೂ ಆದವನೇ ಆಪ್ತನು. ಅಂತರ್ಜಾಲದಲ್ಲಿ ಕಲಿತು ಪಡೆಯುವ ಪ್ರಮಾಣಪತ್ರವನ್ನೂ ಈ ಒರೆಗಲ್ಲಿಗೇ ಹಚ್ಚತಕ್ಕದ್ದು. 2017ರಲ್ಲಿ ಕೇಂದ್ರ ಸರಕಾರವು ಆರಂಭಿಸಿದ ‘ಸ್ವಯಂ’ ಎಂಬ ಏರ್ಪಾಡಿನಲ್ಲಿ ಪಾಠವು ಉಚಿತವು. ಪತ್ರವನ್ನು ಬಯಸುವವರು ಶುಲ್ಕ ತೆತ್ತು, ಮೇಲ್ವಿಚಾರಣೆಯಲ್ಲಿ ನಡೆಯುವ ಪರೀಕ್ಷೆಗೆ ಕುಳಿತುಕೊಳ್ಳಬೇಕು. 2021ರ ನಿಯಮದಂತೆ ಕಾಲೇಜುಗಳು ಒಂದು ಸತ್ರದ ವಿಷಯಗಳಲ್ಲಿ ಶೇಕಡಾ 40ರವರೆಗೆ ಇವನ್ನು ಮನ್ನಿಸಬಹುದು.

ವರದೆಯು ತುಂಗಭದ್ರೆಯನ್ನು ಕೂಡುವ ಗಳಗನಾಥದಂಥ ಹಳ್ಳಿಯ ಬಡ ಹುಡುಗಿಗೆ ಪಟ್ಟಣದಲ್ಲಿ ಶಿಫಾರಸು ಹೇಳುವವರಾರು? ಇಂಥ ಪತ್ರವೇ ಅವಳ ಸಾಕ್ಷಿಯು. ಆದರೆ ಕಾವಲಿಲ್ಲದೆ ಕೊಡುವ ಪತ್ರಗಳೂ ಉಂಟು. ಅಲ್ಲಿ ಅನ್ಯರಿಂದ ಉತ್ತರ ಬರೆಯಿಸಿದವನು ಪತ್ರದ ಆಪ್ತತ್ವವನ್ನೇ ಕೆಡಿಸಿ, ಆ ಹುಡುಗಿಯ ನಿಜವಾದ ಸಾಕ್ಷಿಯನ್ನೂ ಸುಳ್ಳಾಗಿಸುವನು. ಕೆಲಸ ಕೊಡುವವರು ಸಂಶಯದಿಂದ ಎಲ್ಲ ಪತ್ರಗಳನ್ನೂ ತಳ್ಳಿಹಾಕುವುದು ಅನ್ಯಾಯವು. ಪತ್ರವನ್ನು ನೋಡಿ ಒಳಗೆ ಕರೆಯಲಿ. ಕೈಗೆಲಸವನ್ನು ಕಣ್ಣಾರೆ ಕಂಡು ನಿರ್ಣಯಿಸಲಿ.