ಕತೆಯ ನಡುವೆ ಬಂದವರು

ನಮ್ಮ ಹಾಸ್ಟೆಲಿನ ಪಕ್ಕದ ಕೋಣೆಗೆ ಈ ವರ್ಷ ಎಂ.ಎ. ಮೊದಲ ವರ್ಷದ ಹುಡುಗಿಯೊಬ್ಬಳು ಬಂದಿದ್ದಾಳೆ. ಒಂದು ರಾತ್ರಿ ಊಟ ಮುಗಿಸಿ ತಟ್ಟೆ ತೊಳೆಯುತ್ತಿದ್ದಾಗ ಕೇಳಿದಳು: ‘ಅಕ್ಕಾ, ಎಕ್ಸ್-ಮೆನ್ ಸಿನಿಮಾ ಎಲ್ಲ ನೋಡಿದೀನಿ. ಈಗ ಕಾಮಿಕ್ಸ್ ಓದ್ಬೇಕು ಅಂತಿದೀನಿ. ಎಲ್ಲಿಂದ ಶುರು ಮಾಡ್ಲಿ?’

ನನ್ನ ಪಿಎಚ್.ಡಿ. ಪ್ರಬಂಧದ ಮೊದಲ ಅಧ್ಯಾಯವನ್ನು ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದೆ ಎರಡು ವರ್ಷ ಕಳೆದಿದ್ದೇನೆ. ಆದರೆ ಕಾಮಿಕ್ಸ್ ವಿಷಯದಲ್ಲಿ ನನಗೆ ಅಂಥ ಅನುಮಾನಗಳಿರಲಿಲ್ಲ. ‘1975ರಿಂದ ಶುರು ಮಾಡು’ ಎಂದೆ. ಅವಳು ತಲೆಯಾಡಿಸಿ ಹೋದಳು. ಕೋಣೆಗೆ ಬಂದು ಕೂತ ಮೇಲೆ ನನ್ನ ಉತ್ತರ ಅಷ್ಟು ಸರಿಯಿಲ್ಲ ಅನ್ನಿಸತೊಡಗಿತು.

ಎಕ್ಸ್-ಮೆನ್ ಓದದವರಿಗಾಗಿ ಎರಡು ಮಾತು. 1963ರಲ್ಲಿ ಸ್ಟ್ಯಾನ್ ಲೀ ಮತ್ತು ಜ್ಯಾಕ್ ಕರ್ಬಿ ಮಾರ್ವೆಲ್ ಕಂಪನಿಗಾಗಿ ಹುಟ್ಟುಹಾಕಿದ ತಂಡ ಇದು. ಇವರೆಲ್ಲ ಮ್ಯೂಟೆಂಟ್‌ಗಳು, ಅಂದರೆ ಹುಟ್ಟಿನಿಂದಲೇ ಏನೋ ಒಂದು ಶಕ್ತಿ ಇರುವವರು. ಅದಕ್ಕಾಗಿಯೇ ಉಳಿದ ಮನುಷ್ಯರ ಭಯಕ್ಕೂ ದ್ವೇಷಕ್ಕೂ ಗುರಿಯಾದವರು. ಪ್ರೊಫೆಸರ್ ಝೇವಿಯರ್ ಅವರಿಗಾಗಿ ಒಂದು ಶಾಲೆ ನಡೆಸುತ್ತಾನೆ. ಮೊದಲ ಸುತ್ತಿನಲ್ಲಿ ಪತ್ರಿಕೆ ಅಷ್ಟಾಗಿ ಓಡಲಿಲ್ಲ. 1970ರಿಂದ ಐದು ವರ್ಷ ಹಳೆಯ ಕತೆಗಳನ್ನೇ ಮರುಮುದ್ರಿಸುತ್ತಿದ್ದರು. 1975ರಲ್ಲಿ ಲೆನ್ ವೀನ್ ಮತ್ತು ಡೇವ್ ಕಾಕ್ರಮ್ ಒಂದು ದಪ್ಪ ವಿಶೇಷ ಸಂಚಿಕೆ ತಂದರು. ಹಳೆಯ ತಂಡ ಕ್ರಕೋವಾ ಎಂಬ ದ್ವೀಪದಲ್ಲಿ ಸಿಕ್ಕಿಬೀಳುತ್ತದೆ, ಸೈಕ್ಲಾಪ್ಸ್ ಒಬ್ಬ ಮಾತ್ರ ಹೇಗೋ ಹಿಂದಿರುಗುತ್ತಾನೆ. ಅವರನ್ನು ಬಿಡಿಸಲು ಪ್ರೊಫೆಸರ್ ಕೀನ್ಯಾ, ಜರ್ಮನಿ, ಸೋವಿಯತ್ ರಷ್ಯಾ, ಕೆನಡಾ, ಜಪಾನ್ ಎಂದು ಲೋಕವೆಲ್ಲ ಸುತ್ತಿ ಹೊಸಬರನ್ನು ಕಲೆಹಾಕುತ್ತಾನೆ. ಅದರ ಬೆನ್ನಿಗೇ ಕ್ರಿಸ್ ಕ್ಲೇರ್ಮಾಂಟ್ ಬರವಣಿಗೆ ಕೈಗೆತ್ತಿಕೊಂಡು 1991ರವರೆಗೆ ಬಿಡದೆ ಬರೆದ. ಹಾಗಾಗಿ ಹೊಸ ಓದುಗರಿಗೆ ಯಾರಾದರೂ ಕೊಡುವ ಉತ್ತರ 1975. ಅಲ್ಲಿ ಪಾತ್ರಗಳೂ ಒಬ್ಬರಿಗೊಬ್ಬರು ಹೊಸಬರು, ನಾವೂ ಹೊಸಬರು. ಹಿಂದಿನದೇನೂ ಗೊತ್ತಿರಬೇಕಾಗಿಲ್ಲ.

ಆ ಕೊನೆಯ ವಾಕ್ಯವೇ ನನ್ನನ್ನು ಚುಚ್ಚಿದ್ದು. ಸುಮಾರು ಮೂವತ್ತು ವರ್ಷಗಳ ನಂತರ, 2005-06ರಲ್ಲಿ, ಎಡ್ ಬ್ರೂಬೇಕರ್ ‘ಡೆಡ್ಲಿ ಜೆನೆಸಿಸ್’ ಎಂಬ ಕತೆ ಬರೆದ. ಅದರ ಪ್ರಕಾರ, ಕ್ರಕೋವಾಗೆ ಹೋದ ಆ ಪ್ರಸಿದ್ಧ ತಂಡಕ್ಕಿಂತ ಮುಂಚೆ ಇನ್ನೊಂದು ತಂಡ ಹೋಗಿತ್ತು. ಸರಿಯಾದ ತರಬೇತಿ ಇಲ್ಲದ ಎಳೆಯರು. ಅವರು ಹಿಂದಿರುಗಲಿಲ್ಲ, ಸತ್ತರೆಂದೇ ಪ್ರೊಫೆಸರ್ ತಿಳಿದ. ಅವರಲ್ಲಿ ಒಬ್ಬ ಸೈಕ್ಲಾಪ್ಸನ ತಮ್ಮ. ಆ ನೆನಪನ್ನೇ ಪ್ರೊಫೆಸರ್ ಸೈಕ್ಲಾಪ್ಸನ ತಲೆಯಿಂದ ಅಳಿಸಿಹಾಕಿ, ಏನೂ ಆಗಿಲ್ಲವೆಂಬಂತೆ ಹೊಸ ತಂಡ ಕಟ್ಟಿದ. ಅಂದರೆ ನಾನು ಆ ಹುಡುಗಿಗೆ ತೋರಿಸಿದ ಬಾಗಿಲ ಹಿಂದೆಯೇ ಹೆಸರಿಲ್ಲದ ಕೆಲವರು ಬಿದ್ದಿದ್ದರು. ‘ಹಿಂದಿನದೇನೂ ಗೊತ್ತಿರಬೇಕಾಗಿಲ್ಲ’ ಎಂದು ನಾನು ಹೇಳಿದ ಮಾತು, ಪ್ರೊಫೆಸರ್ ತನ್ನ ಹೊಸ ತಂಡಕ್ಕೆ ಹೇಳಬಹುದಾಗಿದ್ದ ಮಾತೇ.

ಇದು ಮಾರಾಟಕ್ಕಾಗಿ ಆಮೇಲೆ ತೂರಿಸಿದ ತಿರುವು ತಾನೇ ಎಂದು ನೀವು ಕೇಳಬಹುದು. ಹೌದು. ಹತ್ತಾರು ಲೇಖಕರು ಆರು ದಶಕ ಒಂದೇ ಕತೆಯನ್ನು ಬರೆದರೆ ಹೀಗೆಲ್ಲ ಆಗುತ್ತದೆ. ಆದರೂ ಇದರಲ್ಲಿ ಒಂದು ನಿಜವಾದ ಪ್ರಶ್ನೆ ಇದೆ. ಕತೆಯನ್ನು ಎಲ್ಲಿಂದ ಶುರು ಮಾಡುತ್ತೇವೆ ಎನ್ನುವುದು ಬರೀ ಅನುಕೂಲದ ವಿಷಯವೇ? ಅಥವಾ ಆ ಆಯ್ಕೆಯಲ್ಲೇ ಯಾರು ತಪ್ಪಿತಸ್ಥರೆಂಬ ತೀರ್ಪೂ ಅರ್ಧ ಆಗಿಹೋಗಿರುತ್ತದೆಯೇ?

ಮ್ಯಾಗ್ನೆಟೋನನ್ನು ತೆಗೆದುಕೊಳ್ಳಿ. 1963ರ ಮೊದಲ ಸಂಚಿಕೆಯಿಂದ ಶುರು ಮಾಡಿದರೆ ಅವನು ಖಳ, ಅಷ್ಟೇ. ಅಮೆರಿಕದ ಕ್ಷಿಪಣಿ ನೆಲೆಯನ್ನು ವಶಪಡಿಸಿಕೊಂಡು ಮನುಕುಲವನ್ನು ಆಳಲು ಹೊರಟವನು. 1981ರ 150ನೇ ಸಂಚಿಕೆಯಿಂದ ಶುರು ಮಾಡಿದರೆ ಅವನು ಆಷ್‌ವಿಟ್ಸ್‌ನಲ್ಲಿ ಬೆಳೆದ ಹುಡುಗ, ಇಡೀ ಜನಾಂಗವನ್ನು ಗ್ಯಾಸ್ ಕೋಣೆಗೆ ಅಟ್ಟುವುದನ್ನು ಕಂಡವನು. ಇನ್ನೊಮ್ಮೆ ಹಾಗಾಗಲು ಬಿಡಲಾರೆ ಎನ್ನುವವನು. ಹೆಸರೂ ಶಿರಸ್ತ್ರಾಣವೂ ಅವೇ. ಮೊದಲು ತೆರೆದ ಪುಟ ಬೇರೆಯಾದ ಮಾತ್ರಕ್ಕೆ ನಮ್ಮ ಕಣ್ಣಿಗೆ ಕಾಣುವ ಮನುಷ್ಯ ಬೇರೆಯಾಗುತ್ತಾನೆ.

ನಮ್ಮ ಮನೆಯಲ್ಲೂ ಇಂಥದ್ದೊಂದು ಕತೆ ಇದೆ. ಅಪ್ಪನೂ ದೊಡ್ಡಪ್ಪನೂ ಮಾತಾಡಿ ಹನ್ನೊಂದು ವರ್ಷವಾಯಿತು. ಅಪ್ಪ ಹೇಳುವ ಕತೆ ತಾತ ಆಸ್ಪತ್ರೆಯಲ್ಲಿ ಮಲಗಿದಲ್ಲಿಂದ ಶುರುವಾಗುತ್ತದೆ: ಮೂರು ತಿಂಗಳಲ್ಲಿ ದೊಡ್ಡಪ್ಪ ಒಮ್ಮೆಯೂ ಬರಲಿಲ್ಲ, ತಿಥಿ ಮುಗಿದ ವಾರಕ್ಕೇ ಜಮೀನಿನ ಪಾಲು ಕೇಳಿದರು. ನಾನು ಇದನ್ನೇ ಕೇಳಿ ಬೆಳೆದೆ, ಇದನ್ನೇ ನಂಬಿದ್ದೆ. ಹೋದ ವರ್ಷ ಸಂಬಂಧಿಕರ ಮದುವೆಯಲ್ಲಿ ಊಟದ ಪಂಕ್ತಿಗೆ ಕಾಯುತ್ತಿದ್ದಾಗ ದೊಡ್ಡಪ್ಪ ಪಕ್ಕ ಬಂದು ನಿಂತರು. ‘ನಿಮ್ಮಪ್ಪ ಕತೇನ ಆಸ್ಪತ್ರೆಯಿಂದ ಶುರು ಮಾಡ್ತಾನೆ, ಅಲ್ವೇನಮ್ಮಾ?’ ಎಂದರು. ಅವರ ಕತೆ ಅದಕ್ಕೂ ಮೂವತ್ತು ವರ್ಷ ಹಿಂದಿನದು. ಎಂಟನೇ ಕ್ಲಾಸಿಗೆ ಶಾಲೆ ಬಿಡಿಸಿ ಅವರನ್ನು ಹೊಲಕ್ಕೆ ಹಾಕಿದ್ದು, ತಮ್ಮನ ಕಾಲೇಜು ಫೀಸಿಗೆ ಅವರು ದುಡಿದದ್ದು, ಕೆಲಸ ಸಿಕ್ಕ ತಮ್ಮ ಆ ಮಾತನ್ನು ಒಂದು ದಿನವೂ ಎತ್ತದೇ ಇದ್ದದ್ದು. ಇಬ್ಬರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ ಎಂದು ನನಗೆ ಗೊತ್ತಿದೆ. ಅದೇ ಕಷ್ಟ.

ಹಾಗಾದರೆ ಪ್ರತಿಯೊಬ್ಬರಿಗೂ ಅವರವರ ಆರಂಭ, ಅವರವರ ನ್ಯಾಯ ಎಂದು ಕೈ ತೊಳೆದುಕೊಳ್ಳಬಹುದೇ? ಅದೂ ಆಗದು. ಮ್ಯಾಗ್ನೆಟೋನ ಬಾಲ್ಯ ಬಯಲಾಗುವ 150ನೇ ಸಂಚಿಕೆಯಲ್ಲೇ ಅವನು ಸೋವಿಯತ್ ಜಲಾಂತರ್ಗಾಮಿಯೊಂದನ್ನು ಅದರಲ್ಲಿದ್ದವರ ಸಮೇತ ಮುಳುಗಿಸುತ್ತಾನೆ. ಕಿಟ್ಟಿ ಪ್ರೈಡ್ ಎಂಬ ಎಳೆಯ ಹುಡುಗಿಯನ್ನು ಹೊಡೆದುರುಳಿಸಿ, ಅವಳು ಸತ್ತೇಹೋದಳೆಂದುಕೊಂಡಾಗ, ತಾನು ಹೊಡೆದದ್ದು ಒಂದು ಮಗುವನ್ನು ಎಂದು ಅರಿವಾಗಿ ಕುಸಿಯುತ್ತಾನೆ. ಹಿಂದಿನ ಪುಟ ಅವನನ್ನು ಅರ್ಥಮಾಡಿಸುತ್ತದೆ. ಮುಳುಗಿದವರನ್ನು ಅದು ಮೇಲೆತ್ತುವುದಿಲ್ಲ. ತಾತ ಕೊನೆಯ ಮೂರು ತಿಂಗಳು ಬಾಗಿಲ ಕಡೆ ನೋಡುತ್ತಿದ್ದುದನ್ನು ದೊಡ್ಡಪ್ಪನ ಎಂಟನೇ ಕ್ಲಾಸು ಅಳಿಸಲಾರದು.

ಇನ್ನು ‘ಹೊಸದಾಗಿ ಶುರು ಮಾಡೋಣ’ ಎನ್ನುವವರಿದ್ದಾರೆ. ಕಾಮಿಕ್ಸ್ ಕಂಪನಿಗಳಿಗೆ ಇದು ಬಹಳ ಪ್ರಿಯವಾದ ಮಾತು. ಅದರ ಬೆಲೆ ತಿಳಿಯಲು 1986ಕ್ಕೆ ಹೋಗಬೇಕು. ಅದಕ್ಕೂ ಮೊದಲು, 1980ರಲ್ಲಿ, ಜೀನ್ ಗ್ರೇ ಫೀನಿಕ್ಸ್ ಎಂಬ ಶಕ್ತಿಯ ಮದದಲ್ಲಿ ಒಂದು ಸೂರ್ಯನನ್ನೇ ನುಂಗಿ, ಅದನ್ನು ಸುತ್ತುತ್ತಿದ್ದ ಗ್ರಹದ ಜೀವರಾಶಿಯನ್ನೆಲ್ಲ ಕೊಂದಿದ್ದಳು. ಅಷ್ಟು ದೊಡ್ಡ ಅಪರಾಧಕ್ಕೆ ಶಿಕ್ಷೆಯಾಗಲೇಬೇಕೆಂದು ಆಗಿನ ಪ್ರಧಾನ ಸಂಪಾದಕ ಜಿಮ್ ಶೂಟರ್ ಪಟ್ಟುಹಿಡಿದ. ಕ್ಲೇರ್ಮಾಂಟ್ ಮತ್ತು ಜಾನ್ ಬರ್ನ್ ಮೊದಲು ಯೋಚಿಸಿದ್ದ ಮುಕ್ತಾಯ ಬದಲಾಗಿ, 137ನೇ ಸಂಚಿಕೆಯಲ್ಲಿ ಜೀನ್ ತಾನಾಗಿಯೇ ಪ್ರಾಣ ಬಿಟ್ಟಳು. 1986ರಲ್ಲಿ ಮೂಲದ ಐವರನ್ನು ಒಟ್ಟುಗೂಡಿಸಿ ‘ಎಕ್ಸ್-ಫ್ಯಾಕ್ಟರ್’ ಎಂಬ ಹೊಸ ಪತ್ರಿಕೆ ತರಲು ಜೀನ್ ಬೇಕಾದಳು. ಕೊಂದವಳು ಜೀನ್ ಅಲ್ಲವೇ ಅಲ್ಲ, ಅವಳ ರೂಪ ತಾಳಿದ್ದ ಬೇರೊಂದು ಶಕ್ತಿ. ಅವಳು ಅಷ್ಟು ಕಾಲವೂ ನೀರಿನಡಿ ಒಂದು ಕೋಶದೊಳಗೆ ಮಲಗಿದ್ದಳು ಎಂದಾಯಿತು. ಲೆಕ್ಕ ಚುಕ್ತಾ. ಸೈಕ್ಲಾಪ್ಸ್ ಅಷ್ಟರಲ್ಲಿ ಮ್ಯಾಡೆಲಿನ್ ಎಂಬವಳನ್ನು ಮದುವೆಯಾಗಿ ಹಸುಗೂಸಿನ ತಂದೆಯಾಗಿದ್ದ. ಜೀನ್ ಬದುಕಿದ್ದಾಳೆಂಬ ಸುದ್ದಿ ಕೇಳಿದ್ದೇ ಹೆಂಡತಿ ಮಗುವನ್ನು ಬಿಟ್ಟು ಹೊರಟ. ನಾಯಕನ ಹೆಸರಿಗೆ ಅಂಟಿದ ಈ ಕಲೆಯನ್ನು ತೊಳೆಯಲು ಮುಂದೆ ಮಾಡಿದ್ದೇನು? ಮ್ಯಾಡೆಲಿನ್ ನಿಜವಾದ ಹೆಣ್ಣೇ ಅಲ್ಲ, ಜೀನ್‌ಳ ನಕಲು ಎಂದರು. 1988-89ರ ‘ಇನ್‌ಫರ್ನೋ’ದಲ್ಲಿ ಅವಳನ್ನು ದುಷ್ಟ ರಾಣಿಯನ್ನಾಗಿ ಮಾಡಿ ಕೊಂದರು. ಬಿಟ್ಟುಹೋದವನ ಹೊಸ ಆರಂಭ ಶುದ್ಧವಾಗಿರಬೇಕಾದರೆ ಬಿಡಿಸಿಕೊಂಡವಳು ಕೆಟ್ಟವಳಾಗಲೇಬೇಕಿತ್ತು. ಇದನ್ನು ಓದಿದ ಮೇಲೆ, ಯಾರಾದರೂ ‘ಹಳೆಯದೆಲ್ಲ ಮರೆತು’ ಎಂದು ಮಾತು ಶುರು ಮಾಡಿದರೆ ಆ ಮರೆವಿನ ಖರ್ಚು ಯಾರ ತಲೆಗೆ ಎಂದು ನೋಡುವುದು ನನಗೆ ಅಭ್ಯಾಸವಾಗಿದೆ.

ಹೊಸ ಆರಂಭದ ಈ ಪೇಚು ನಮಗೆ ಹೊಸದೇನಲ್ಲ. ವ್ಯಾಸಭಾರತದ ಆದಿಪರ್ವವೇ ಒಪ್ಪಿಕೊಳ್ಳುತ್ತದೆ: ಕೆಲವರು ಭಾರತವನ್ನು ಮನುವಿನಿಂದ, ಕೆಲವರು ಆಸ್ತೀಕನಿಂದ, ಇನ್ನು ಕೆಲವರು ಉಪರಿಚರನಿಂದ ಓದುತ್ತಾರೆಂದು. ಇವುಗಳಲ್ಲಿ ಆಸ್ತೀಕನ ಬಾಗಿಲು ನನಗೆ ಇಷ್ಟ. ಅಲ್ಲಿ ಜನಮೇಜಯ ಹಾವುಗಳನ್ನು ಬೆಂಕಿಗೆ ಹಾಕುತ್ತಿದ್ದಾನೆ. ಅವನ ಕತೆ ತಂದೆ ಪರೀಕ್ಷಿತನನ್ನು ತಕ್ಷಕ ಕಚ್ಚಿದಲ್ಲಿಂದ ಶುರು. ತಕ್ಷಕನನ್ನು ಕೇಳಿದರೆ ಅವನು ಜನಮೇಜಯನ ಮುತ್ತಜ್ಜ ಅರ್ಜುನ ಖಾಂಡವವನ್ನು ಸುಟ್ಟಲ್ಲಿಂದ ಶುರು ಮಾಡಿಯಾನು. ಅವನ ಹೆಂಡತಿ ಸತ್ತದ್ದು ಅಲ್ಲಿ. ಯಾಗವನ್ನು ನಿಲ್ಲಿಸುವವನು ಆಸ್ತೀಕ. ತಂದೆ ಋಷಿ, ತಾಯಿ ನಾಗಕನ್ಯೆ. ಎರಡೂ ಕಡೆಯ ಕತೆ ಗೊತ್ತಿದ್ದವನು. ಜಗಳ ಎಲ್ಲಿ ಶುರುವಾಯಿತೆಂದು ತೀರ್ಮಾನಿಸುವ ಗೋಜಿಗೆ ಅವನು ಹೋಗುವುದಿಲ್ಲ. ಉರಿಯುತ್ತಿರುವ ಬೆಂಕಿ ಮೊದಲು ನಿಲ್ಲಲಿ ಎಂದು ಕೇಳುತ್ತಾನೆ.

ಮರುದಿನ ನಾನು ಆ ಹುಡುಗಿಯ ಬಾಗಿಲು ತಟ್ಟಿ ನನ್ನ ಉತ್ತರ ಬದಲಾಯಿಸಿದೆ. ‘1980ರ 138ನೇ ಸಂಚಿಕೆಯಿಂದ ಓದು’ ಎಂದೆ. ಶುರು ಮಾಡುವುದಕ್ಕೆ ಅದೊಂದು ವಿಚಿತ್ರ ಜಾಗ. ಅದು ಜೀನ್‌ಳ ಅಂತ್ಯಕ್ರಿಯೆ. ಸಮಾಧಿಯ ಮುಂದೆ ನಿಂತ ಸೈಕ್ಲಾಪ್ಸ್ ತಾನು ಶಾಲೆಗೆ ಬಂದ ದಿನದಿಂದ ಅಂದಿನವರೆಗಿನ ಎಲ್ಲವನ್ನೂ ಒಂದೊಂದಾಗಿ ನೆನೆಯುತ್ತಾನೆ. ಹದಿನೇಳು ವರ್ಷಗಳ ಕತೆ ಒಬ್ಬ ದುಃಖಿತನ ನೆನಪಾಗಿ ನಮ್ಮ ಮುಂದೆ ಹಾಯುತ್ತದೆ. ಕೊನೆಗೆ ಅವನು ತಂಡ ಬಿಟ್ಟು ಹೊರಡುತ್ತಾನೆ, ಅದೇ ಹೊತ್ತಿಗೆ ಕಿಟ್ಟಿ ಪ್ರೈಡ್ ಹೊಸ ವಿದ್ಯಾರ್ಥಿನಿಯಾಗಿ ಆ ಮನೆಗೆ ಬರುತ್ತಾಳೆ. ನಾವು ಎಲ್ಲ ಕತೆಗಳಿಗೂ ಬರುವುದು ಹೀಗೇ ಎಂದು ನನಗೆ ತೋರುತ್ತದೆ. ಸೂತಕದ ಮನೆಗೆ, ಪೆಟ್ಟಿಗೆ ಹಿಡಿದುಕೊಂಡು, ಏನಾಗಿದೆಯೆಂದು ಸರಿಯಾಗಿ ತಿಳಿಯದೆ.

ಹಾಗೆ ಬಂದವರು ಎಲ್ಲವನ್ನೂ ಓದಿ ಮುಗಿಸುವವರೆಗೆ ಬಾಯಿಮುಚ್ಚಿ ಕೂರಬೇಕೆಂದೇನಿಲ್ಲ. ಕಿಟ್ಟಿಯೂ ಕೂರಲಿಲ್ಲ. 1983ರ 168ನೇ ಸಂಚಿಕೆ ಅವಳು ಪ್ರೊಫೆಸರನ್ನು ಬೈಯುವುದರಿಂದಲೇ ಶುರುವಾಗುತ್ತದೆ. ನಡುವೆ ಬಂದವರ ಕಣ್ಣಿಗೆ ಹಳಬರು ಒಗ್ಗಿಹೋಗಿರುವ ಅನ್ಯಾಯ ಬೇಗ ಕಾಣುತ್ತದೆ. ಆದರೆ ತೀರ್ಪು ಹೇಳುವ ಮುಂಚೆ ಒಂದು ಪ್ರಶ್ನೆ ಕೇಳುವ ಹೊಣೆ ಅವರ ಮೇಲಿದೆ: ನಾನು ಬರುವ ಮುಂಚೆ ಇಲ್ಲಿ ಯಾರಿದ್ದರು?

ಒಂದು ವಾರ ಬಿಟ್ಟು ಅವಳು ಮತ್ತೆ ಬಂದಳು. ‘ಅಕ್ಕಾ, ಈ ಜೀನ್ ಏನ್ ತಪ್ಪು ಮಾಡಿದ್ಲು? ಎಲ್ರೂ ಅಳ್ತಿದಾರೆ, ಆದ್ರೆ ಯಾರೂ ಅವಳ್ದು ತಪ್ಪಿಲ್ಲ ಅಂತ ಹೇಳ್ತಿಲ್ಲ.’ ನಾನು ಅವಳಿಗೆ 129ರಿಂದ 137ರವರೆಗಿನ ಸಂಚಿಕೆಗಳಿದ್ದ ಪುಸ್ತಕ ಕೊಟ್ಟೆ. ಮುಂದೆ 1986ರಲ್ಲಿ ಏನಾಗುತ್ತದೆಂದು ಹೇಳಲಿಲ್ಲ.

ದೀಪಾವಳಿಗೆ ಊರಿಗೆ ಹೋದಾಗ ದೊಡ್ಡಪ್ಪನ ಮನೆಗೆ ಹೋಗಿಬರಬೇಕೆಂದಿದ್ದೇನೆ. ಅಪ್ಪನಿಗೆ ಹೇಳಿಯೇ ಹೋಗಬೇಕು. ಆ ಮಾತನ್ನು ಎಲ್ಲಿಂದ ಶುರು ಮಾಡುವುದೆಂದು ಇನ್ನೂ ತಿಳಿದಿಲ್ಲ.