ಖಾಲಿ ನಿವೇಶನ ಮತ್ತು ಪರಿಗ್ರಹ ಪರಿಮಾಣ

ಅಣುವ್ರತಗಳಲ್ಲಿ ಐದನೆಯದಾದ ಪರಿಗ್ರಹ ಪರಿಮಾಣವನ್ನು ಕುರಿತು ಪ್ರವಚನಗಳಲ್ಲಿ ನಾವೆಲ್ಲರೂ ಕೇಳುತ್ತ ಬಂದಿದ್ದೇವೆ. ಬಂಗಾರಕ್ಕೆ ಮಿತಿ ಹಾಕಿಕೊಂಡವರನ್ನೂ, ವಸ್ತ್ರಕ್ಕೆ, ವಾಹನಕ್ಕೆ ಮಿತಿ ಹಾಕಿಕೊಂಡವರನ್ನೂ ನಾನು ಬಲ್ಲೆ. ನಿವೇಶನಕ್ಕೆ ಮಿತಿ ಹಾಕಿಕೊಂಡ ಶ್ರಾವಕರನ್ನು ಮಾತ್ರ ಅರವತ್ತು ದಾಟಿದ ಈ ವಯಸ್ಸಿನವರೆಗೆ ಕಂಡಿಲ್ಲ. ಕ್ಷೇತ್ರ ಮತ್ತು ವಾಸ್ತು, ಎಂದರೆ ಹೊಲ ಮತ್ತು ಮನೆ, ಬಾಹ್ಯ ಪರಿಗ್ರಹಗಳ ಎಣಿಕೆಯಲ್ಲಿ ಮೊಟ್ಟಮೊದಲು ಬರುತ್ತವೆ. ಖಾಲಿ ನಿವೇಶನವು ಹೊಲವೂ ಅಲ್ಲ, ಮನೆಯೂ ಅಲ್ಲ. ಅದರಲ್ಲಿ ಬೆಳೆಯಿಲ್ಲ, ಅದರ ಮೇಲೆ ಸೂರಿಲ್ಲ. ಆದುದರಿಂದಲೇ ಅದು ನಮ್ಮ ಲೆಕ್ಕದಿಂದ ತಪ್ಪಿಸಿಕೊಂಡಿತೋ ಏನೋ.

ಇದಕ್ಕೆ ಇನ್ನೊಂದು ಕಾರಣವೂ ಇದೆ. ನೇಗಿಲಿನ ಬಾಯಿಗೆ ಸಿಲುಕುವ ಜೀವಿಗಳನ್ನು ನೆನೆದು ನಮ್ಮಲ್ಲಿ ಬಹುಮಂದಿ ಕೃಷಿಗಿಂತ ವ್ಯಾಪಾರವೇ ಲೇಸೆಂದು ಅಂಗಡಿಯಲ್ಲಿ ಕುಳಿತರು. ವ್ಯಾಪಾರದಲ್ಲಿಯೂ ಧಾನ್ಯಕ್ಕೆ ಹುಳು ಬೀಳುವುದುಂಟು, ಸಾಲ ವಸೂಲಿಯಲ್ಲಿ ಕಟು ಮಾತು ಬರುವುದುಂಟು. ನಿವೇಶನಕ್ಕೆ ಇವಾವುವೂ ಇಲ್ಲ. ನಾಲ್ಕು ಕಲ್ಲು ನೆಟ್ಟು, ಕಂದಾಯ ಕಟ್ಟಿ, ಖಾತೆಯ ಕಾಗದವನ್ನು ಬೀರುವಿನಲ್ಲಿಟ್ಟರೆ ಮುಗಿಯಿತು. ಯಾರನ್ನೂ ನೋಯಿಸದೆ ಬೆಳೆಯುವ ಸಂಪತ್ತು ಇದೊಂದೇ ಎಂದು ನಾನೂ ನಂಬಿದ್ದೆ.

ನಮ್ಮ ನಾಗಮಂಗಲ ತಾಲ್ಲೂಕನ್ನೇ ನೋಡಿರಿ. ಕಂಬದಹಳ್ಳಿಯ ಬಸದಿಗಳಿಗೆ ದರ್ಶನಕ್ಕೆಂದು ಬಾಲ್ಯದಲ್ಲಿ ನಾವು ಹೋಗುತ್ತಿದ್ದ ದಾರಿಯ ಇಕ್ಕೆಲಗಳಲ್ಲಿ ರಾಗಿ, ಹುರುಳಿ, ತೆಂಗು ಕಾಣುತ್ತಿದ್ದುವು. ಆದಿಚುಂಚನಗಿರಿಯ ಶ್ರೀಮಠವು ವಿದ್ಯಾಸಂಸ್ಥೆಗಳನ್ನೂ ವೈದ್ಯಕೀಯ ಕಾಲೇಜನ್ನೂ ಕಟ್ಟಿದ ಮೇಲೆ, ಬೆಂಗಳೂರು–ಮಂಗಳೂರು ಹೆದ್ದಾರಿಯು ಅಗಲವಾದ ಮೇಲೆ, ಬೆಳ್ಳೂರು ಕ್ರಾಸಿನ ಸುತ್ತಮುತ್ತ ನೆಲದ ಬೆಲೆ ಏರಿತು. ವಿದ್ಯೆಯೂ ಆಸ್ಪತ್ರೆಯೂ ಬಂದ ಕಡೆಗೆ ಜನ ಬರುವುದು ಸಹಜ. ಬಂದವರಿಗೆ ಮನೆ ಬೇಕಾಗುವುದೂ ಸಹಜ. ಆದರೆ ಬಡಾವಣೆಗಳಲ್ಲಿ ಮನೆಗಳಿಗಿಂತ ಮೊದಲು ಕಲ್ಲುಗಳು ಬಂದುವು. ಶ್ರೀರಂಗಪಟ್ಟಣದ ಕಡೆಯಲ್ಲಿ ಮೈಸೂರು ನಗರವೇ ಹೊಳೆ ದಾಟಿ ಬರುತ್ತಿದೆ. 2020ರಲ್ಲಿ ಭೂಸುಧಾರಣಾ ಕಾಯಿದೆಗೆ ತಿದ್ದುಪಡಿಯಾಗಿ 79ಎ ಮತ್ತು 79ಬಿ ಕಲಮುಗಳು ರದ್ದಾದ ಮೇಲೆ, ವ್ಯವಸಾಯಗಾರನಲ್ಲದವನೂ ಹೊಲ ಕೊಳ್ಳಲು ಇದ್ದ ಅಡ್ಡಿ ಹೋಯಿತು. 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ದಶಪಥ ರಸ್ತೆಯ ಉದ್ಘಾಟನೆಯಾಯಿತು. ಈ ಎರಡರ ನಡುವೆ ಮಂಡ್ಯ ಜಿಲ್ಲೆಯ ನೆಲವನ್ನು ದೂರದಿಂದಲೇ ನೋಡಿ ಕೊಳ್ಳುವವರು ಬಹಳವಾದರು. ಅವರಲ್ಲಿ ನಮ್ಮವರೂ ಇದ್ದಾರೆ.

ಈ ನೆಲಕ್ಕೆ ಒಂದು ಋಣವಿದೆ ಎಂಬುದನ್ನು ಮರೆಯಬಾರದು. 1911ರಲ್ಲಿ ಕಾವೇರಿಗೆ ಅಡ್ಡಲಾಗಿ ಕಟ್ಟೆಯ ಕೆಲಸ ಆರಂಭವಾಯಿತು. ನೀರು ನಿಂತಾಗ ಕನ್ನಂಬಾಡಿ ಗ್ರಾಮ ಮುಳುಗಿತು. ಮನೆ, ಗುಡಿ, ಕಣ ಎಲ್ಲವನ್ನೂ ಬಿಟ್ಟು ಜನ ಬೇರೆಡೆಗೆ ಹೋದರು. ಆ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದು ಪಾಂಡವಪುರ, ಮಂಡ್ಯಗಳ ಬಯಲನ್ನು ಗದ್ದೆ ಮಾಡಿತು. ಒಬ್ಬರು ಮನೆ ಬಿಟ್ಟುದರಿಂದ ಇನ್ನೊಬ್ಬರ ಹೊಲಕ್ಕೆ ನೀರು ಬಂತು. ಈಗ ಅದೇ ನೀರಾವರಿ ಭೂಮಿಯ ಕೆಲವು ಭಾಗಗಳು ಪರಿವರ್ತನೆಯಾಗಿ, ಬೆಳೆಯನ್ನೂ ಕೊಡದೆ ಮನೆಯನ್ನೂ ಕೊಡದೆ, ಪಾರ್ಥೇನಿಯಂ ಗಿಡಗಳನ್ನು ಬೆಳೆಸಿಕೊಂಡು ಬೆಲೆಗಾಗಿ ಕಾಯುತ್ತಿವೆ. ಮುಳುಗಿದವರ ತ್ಯಾಗವನ್ನು ಯಾವ ಖಾತೆಗೆ ಜಮಾ ಮಾಡಬೇಕು? ನಾನು ವಾಣಿಜ್ಯ ಪದವಿ ಓದಿದವನು. ಈ ಲೆಕ್ಕ ಮಾತ್ರ ಹೊಂದಲಿಲ್ಲ.

ಶಾಸ್ತ್ರ ಏನನ್ನುತ್ತದೆ? ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ. ಅವುಗಳಲ್ಲಿ ಅತಿಸಂಗ್ರಹ, ವಿಸ್ಮಯ, ಲೋಭ ಎಂಬ ಮೂರನ್ನು ವ್ಯಾಖ್ಯಾನದೊಡನೆ ಓದಿದಾಗ ನನಗೆ ಬೆವರು ಬಂದಿತು. ಮುಂದೆ ಹೆಚ್ಚು ಲಾಭ ಬಂದೀತೆಂದು ಕೂಡಿಡುವುದು ಅತಿಸಂಗ್ರಹ. ತಾನು ಮಾರಿದ ಮೇಲೆ ಮತ್ತೊಬ್ಬನಿಗೆ ಅದರಿಂದ ಹೆಚ್ಚು ಲಾಭ ಬಂದುದನ್ನು ಕಂಡು ಕುದಿಯುವುದು ವಿಸ್ಮಯ. ಸಾಕಷ್ಟು ಲಾಭ ಬಂದ ಮೇಲೂ ಇನ್ನೂ ಬೇಕೆನ್ನುವುದು ಲೋಭ. ಧಾನ್ಯದ ವ್ಯಾಪಾರವನ್ನು ಎದುರಿಗಿಟ್ಟುಕೊಂಡು ವಿವರಿಸಿದ ಮಾತುಗಳಿವು. ನಿವೇಶನ ಕೊಂಡವನ ಮನಸ್ಸಿನ ಮೂರು ಹಂತಗಳನ್ನು ಇದಕ್ಕಿಂತ ಚೆನ್ನಾಗಿ ಯಾವ ದಲ್ಲಾಳಿಯೂ ಹೇಳಲಾರ. ಎರಡನೆಯದಂತೂ ಮದುವೆ ಮನೆಗಳ ಪಂಕ್ತಿಯಲ್ಲಿ ದಿನವೂ ಕೇಳಿಬರುವ ಮಾತು.

ಆದರೂ ಧಾನ್ಯಕ್ಕೂ ನೆಲಕ್ಕೂ ಭೇದವಿದೆ. ಕೂಡಿಟ್ಟ ಧಾನ್ಯ ಒಂದು ದಿನ ಮಾರುಕಟ್ಟೆಗೆ ಬರಲೇಬೇಕು, ಇಲ್ಲವೇ ಹಾಳಾಗಬೇಕು. ಮುಂದಿನ ವರ್ಷ ಬೇರೆ ಧಾನ್ಯ ಬೆಳೆಯುತ್ತದೆ. ಆಸ್ಪತ್ರೆಗೆ ಹತ್ತಿರದ ನೆಲ ಇರುವುದು ಇಷ್ಟೇ; ಅದು ಹಾಳಾಗುವುದೂ ಇಲ್ಲ, ಮತ್ತೆ ಹುಟ್ಟುವುದೂ ಇಲ್ಲ. ನಾನು ಬಳಸದೆ ಹಿಡಿದಿರುವಷ್ಟು ಕಾಲ ಇನ್ನೊಬ್ಬ ಅಲ್ಲಿ ನಿಲ್ಲಲಾರ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿ ಆಚಾರ್ಯರು ಪರೋಪರೋಧಾಕರಣ ಎಂಬ ಭಾವನೆಯನ್ನು ಹೇಳಿದ್ದಾರೆ: ತಾನಿರುವ ಎಡೆಯಲ್ಲಿ ಇನ್ನೊಬ್ಬರು ಇರಲು ಬಂದರೆ ತಡೆಯದಿರುವುದು. ಇದು ವಸತಿಯನ್ನು ಕುರಿತು ಮುನಿಗಳಿಗೆ ಹೇಳಿದ ಮಾತು. ಗೃಹಸ್ಥನು ತನ್ನ ಮನೆಯ ಬಾಗಿಲನ್ನು ತೆರೆದೇ ಇಡಬೇಕೆಂದು ಇದರಿಂದ ಎಳೆದು ತೆಗೆಯುವುದು ಸಲ್ಲದು. ಗಮನಿಸಬೇಕಾದುದು ಬೇರೆ. ಈ ಭಾವನೆ ಬರುವುದು ಅಪರಿಗ್ರಹದಡಿಯಲ್ಲಲ್ಲ, ಅಚೌರ್ಯದ ಅಡಿಯಲ್ಲಿ. ಇನ್ನೊಬ್ಬನ ಇರವಿಗೆ ಅಡ್ಡವಾಗುವುದನ್ನು ಆಚಾರ್ಯರು ಕಳವಿನ ನೆರೆಯಲ್ಲಿ ಇರಿಸಿದ್ದಾರೆ.

ತಡೆಯುವುದೆಂದರೆ ಬೇಲಿ ಹಾಕುವುದಷ್ಟೇ ಅಲ್ಲ. ಅಮೆರಿಕದಲ್ಲಿ ಮಗ ಸೊಸೆಯರನ್ನು ಇರಿಸಿರುವ ಕುಟುಂಬಗಳು ನಮ್ಮಲ್ಲಿ ಬಹಳ ಇವೆ. ಆ ದೇಶದಲ್ಲಿ ಒಂದು ಕಾಲಕ್ಕೆ ಮನೆಯ ಕ್ರಯಪತ್ರದಲ್ಲಿಯೇ, ಬಿಳಿಯರಲ್ಲದವರಿಗೆ ಇದನ್ನು ಮಾರಕೂಡದು ಎಂದು ಬರೆಯುವ ಪದ್ಧತಿ ಹಲವೆಡೆ ಇತ್ತು. ಅಂಥ ಷರತ್ತನ್ನು ನ್ಯಾಯಾಲಯಗಳು ಜಾರಿಗೊಳಿಸುವಂತಿಲ್ಲವೆಂದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯ 1948ರಲ್ಲಿ ತೀರ್ಪಿತ್ತಿತು. 1968ರಲ್ಲಿ ವಸತಿಯಲ್ಲಿ ಭೇದ ಎಣಿಸುವುದನ್ನು ನಿಷೇಧಿಸುವ ಕಾನೂನು ಬಂದಿತು. ಅದಕ್ಕಾಗಿ ಹೋರಾಡಿದವರಲ್ಲಿ ಅಲ್ಲಿನ ಕರಿಯರೇ ಮುಂದೆ ಇದ್ದರು. ಅದರ ಫಲವನ್ನು ಉಂಡವರಲ್ಲಿ ನಮ್ಮ ಮಕ್ಕಳೂ ಸೇರಿದ್ದಾರೆ. ಇಷ್ಟಾದರೂ ಅಲ್ಲಿನ ಎಷ್ಟೋ ಊರುಗಳಲ್ಲಿ ಒಂದು ನಿವೇಶನದಲ್ಲಿ ಒಂದೇ ಕುಟುಂಬದ ಮನೆ ಇರತಕ್ಕದ್ದೆಂಬ ನಿಯಮದಿಂದ ಬಡವರು ದೂರವೇ ಉಳಿದಿದ್ದಾರೆ. ಮಿನಿಯಾಪೊಲಿಸ್ ನಗರಸಭೆಯು ಇದನ್ನು ಮನಗಂಡು ಆ ನಿಯಮವನ್ನು ಕೈಬಿಡುವ ಯೋಜನೆಯನ್ನು 2018ರಲ್ಲಿ ಒಪ್ಪಿತು.

ಅಲ್ಲಿ ಹೀಗೆ ಬಾಗಿಲು ತೆರೆಸಿಕೊಂಡವರು ಇಲ್ಲಿ ಬಾಡಿಗೆಯ ಮನೆಗೆ ಬಂದವನ ಕುಲವನ್ನು ಬಾಗಿಲಲ್ಲಿ ನಿಲ್ಲಿಸಿ ಕೇಳುತ್ತೇವೆ. ಅಡುಗೆಯ ವಿಚಾರದಲ್ಲಿ ನಮಗೆ ನಿಜವಾದ ಕಷ್ಟವಿದೆ. ಒಂದೇ ಸೂರಿನಡಿ ಮಾಂಸದ ಅಡುಗೆಯಾದರೆ ಸಹಿಸುವುದು ಹೇಗೆಂಬ ಪ್ರಶ್ನೆಯನ್ನು ನಾನು ಹಗುರಾಗಿ ಎಣಿಸುವುದಿಲ್ಲ. ಆದರೆ ಅಡುಗೆಯನ್ನು ಕೇಳುವುದು ಬೇರೆ, ಅಡುಗೆಯ ನೆಪದಲ್ಲಿ ಜಾತಿಯನ್ನು ಕೇಳುವುದು ಬೇರೆ. ಟ್ರಸ್ಟುಗಳ ಮಳಿಗೆಗಳಿಗೂ ಮನೆಗಳಿಗೂ ಬಾಡಿಗೆದಾರರನ್ನು ಆರಿಸುವ ಧರ್ಮದರ್ಶಿಗಳು ಈ ಭೇದವನ್ನು ಸಭೆಯಲ್ಲಿ ಚರ್ಚಿಸಬೇಕೆಂದು ನನ್ನ ಪ್ರಾರ್ಥನೆ. ದಾನಿಗಳಿಂದ ಬಂದು ವರ್ಷಗಟ್ಟಲೆ ಖಾಲಿ ಬಿದ್ದಿರುವ ನಿವೇಶನಗಳನ್ನೂ ಅದೇ ಸಭೆಯಲ್ಲಿ ಎತ್ತಿಕೊಳ್ಳಬಹುದು. ಬಸದಿಯ ಅರ್ಚಕರು ಬಾಡಿಗೆ ಮನೆಯಲ್ಲಿರುವಾಗ ಬಸದಿಯ ನಿವೇಶನದಲ್ಲಿ ಮುಳ್ಳು ಬೆಳೆಯುವುದು ಯಾರಿಗೆ ಶೋಭೆ?

ಇತರರಿಗೆ ಹೇಳುವ ಮುನ್ನ ನನ್ನ ಸ್ವಂತದ್ದನ್ನು ಹೇಳಬೇಕು. ಇಪ್ಪತ್ತು ವರ್ಷಗಳಿಗೂ ಹಿಂದೆ ಬೆಳ್ಳೂರು ಕ್ರಾಸಿನ ಸಮೀಪ ಎರಡು ನಿವೇಶನಗಳನ್ನು ಕೊಂಡೆ. ನನ್ನ ಅಂಗಡಿಯಲ್ಲಿ ಲೆಕ್ಕ ಬರೆಯುವ ಗುಮಾಸ್ತರು ಅಂದಿನಿಂದಲೂ ಎರಡು ಕೋಣೆಯ ಬಾಡಿಗೆ ಮನೆಯಲ್ಲಿದ್ದರು. ಕೊಂಡ ಮಾರನೆಯ ವರ್ಷವೇ ಅವರು ಸಂಕೋಚದಿಂದ, "ಯಜಮಾನ್ರೇ, ಅದರಲ್ಲಿ ಒಂದನ್ನ ನನಗೆ ಕೊಡ್ತೀರಾ? ತಿಂಗಳು ತಿಂಗಳು ಸಂಬಳದಲ್ಲಿ ಹಿಡ್ಕೊಳ್ಳಿ" ಎಂದಿದ್ದರು. "ನೋಡೋಣ" ಎಂದೆ. ಆ ಒಂದು ಮಾತಿನಲ್ಲಿ ಇಪ್ಪತ್ತು ವರ್ಷ ಕಳೆಯಿತು. ಬೆಲೆ ಹಲವು ಪಟ್ಟಾಯಿತು, ಅವರ ಸಂಬಳ ಹಾಗಾಗಲಿಲ್ಲ. ಅವರು ಮತ್ತೆ ಕೇಳಲೇ ಇಲ್ಲ. ಅವರ ಮನೆಯ ಬಾಡಿಗೆಯೂ ಆ ಸುತ್ತಿನ ನೆಲದ ಬೆಲೆಯೊಡನೆಯೇ ಏರಿತು ಎಂಬುದು, ಅವರೇ ಬರೆದ ನನ್ನ ಲೆಕ್ಕಪುಸ್ತಕದ ಮುಂಗಡದ ಕಲಮುಗಳಲ್ಲಿ ನನ್ನ ಕಣ್ಣೆದುರಿಗೇ ಇತ್ತು.

ಕಳೆದ ದಶಲಕ್ಷಣ ಪರ್ವದಲ್ಲಿ ಉತ್ತಮ ಆಕಿಂಚನ್ಯದ ದಿನ ಅವರನ್ನು ಮನೆಗೆ ಕರೆದು, ಒಂದು ನಿವೇಶನವನ್ನು ನಾನು ಕೊಂಡ ಬೆಲೆಗೆ ಕೊಡುವೆನೆಂದೆ. ಅವರು ಬಹಳ ಹೊತ್ತು ಸುಮ್ಮನಿದ್ದು, "ಈಗ ಕಟ್ಟೋ ವಯಸ್ಸು ನನಗಿಲ್ಲ ಯಜಮಾನ್ರೇ, ಮಗಳ ಹೆಸರಿಗೆ ಮಾಡಿಸಿ" ಎಂದರು. ನೋಂದಣಿ ಆಗಿದೆ, ತಳಪಾಯ ತೋಡಿದ್ದಾರೆ. ಇನ್ನೊಂದು ನಿವೇಶನ ಮೊಮ್ಮಗನ ಹೆಸರಿನಲ್ಲಿದೆ. ಅವನು ಟೆಕ್ಸಾಸಿನಲ್ಲಿ ಎಂಟನೆಯ ತರಗತಿ ಓದುತ್ತಿದ್ದಾನೆ, ಬೆಳ್ಳೂರು ಕ್ರಾಸನ್ನು ಒಮ್ಮೆಯೂ ಕಂಡಿಲ್ಲ. ಅದನ್ನು ಏನು ಮಾಡಬೇಕೆಂದು ಮನೆಯಲ್ಲಿ ಇನ್ನೂ ಮಾತು ನಡೆಯುತ್ತಿದೆ. ನನ್ನ ಮಗನಿಗೆ ನನ್ನ ವಾದ ಒಪ್ಪಿಗೆಯಾಗಿಲ್ಲ.