ಮಿಥ್ಯಾವಿಮಾನ

ಅರವತ್ತು ದಾಟಿದ ಮೇಲೆ ವಿಮಾನ ನಡೆಸುವ ಹಂಬಲ ಹುಟ್ಟಿದವನಿಗೆ ಒದಗಬಹುದಾದ ವಿಮಾನವು ಬರೆಯುವ ಮೇಜಿನ ಮೇಲೆ ಹಿಡಿಸುವಂಥದೇ ಸರಿ. ಆದರೆ ಅದನ್ನು ಆರಿಸಿಕೊಳ್ಳುವಾಗಲೇ ಜಿಜ್ಞಾಸೆಯೊಂದು ಎದುರಾದೀತೆಂದು ನಾನು ಎಣಿಸಿರಲಿಲ್ಲ. 2020ರಲ್ಲಿ ಹೊರಬಂದ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರು ಉಪಗ್ರಹಚಿತ್ರಗಳನ್ನು ಆಧರಿಸಿ ಇಡಿಯ ಭೂಮಂಡಲವನ್ನೇ ತೆರೆಯ ಮೇಲೆ ಹರಹಿ ತೋರಿಸುತ್ತದೆ. ಎಕ್ಸ್-ಪ್ಲೇನ್ ಎಂಬುದಾದರೋ ರೆಕ್ಕೆಯನ್ನೂ ಪ್ರೊಪೆಲ್ಲರನ್ನೂ ಕಿರುಖಂಡಗಳಾಗಿ ವಿಭಾಗಿಸಿಕೊಂಡು, ಒಂದೊಂದು ಖಂಡದ ಮೇಲೂ ಗಾಳಿಯ ಬಲ ಇಷ್ಟೆಂದು ಕ್ಷಣಕ್ಷಣಕ್ಕೂ ಗಣಿಸಿ, ಆ ಬಲಗಳ ಮೊತ್ತದಿಂದ ವಿಮಾನದ ಗತಿಯನ್ನು ನಿರ್ಣಯಿಸುತ್ತದೆ. ಮೊದಲನೆಯದರ ಹಿರಿಮೆ ರೂಪದ ಅನುಕರಣದಲ್ಲಿ, ಎರಡನೆಯದರದು ಕಾರಣದ ಅನುಕರಣದಲ್ಲಿ. ತತ್ತ್ವಾಸಕ್ತಿಯಿಂದ ಕಾರಣವನ್ನೇ ವರಿಸಿದೆನೆಂದು ಹೇಳಿಕೊಳ್ಳುವ ಆಸೆಯೇನೋ ಇದೆ. ನಿಜವೆಂದರೆ, ನನ್ನ ಹಳೆಯ ಕಂಪ್ಯೂಟರು ಅಷ್ಟು ರೂಪದ ಭಾರವನ್ನು ತಾಳಲಾರದಾಗಿತ್ತು.

ಕೈಗೆ ಒಂದು ಜಾಯ್‌ಸ್ಟಿಕ್ಕು, ಕಾಲಿಗೆ ರಡರ್ ಪೆಡಲುಗಳು, ಹಾರಿಸಲು ಸೆಸ್ನಾ 172. ಇಷ್ಟರಿಂದ ಅಭ್ಯಾಸ ಮೊದಲಾಯಿತು. ಇಳಿಯುವ ಹೊತ್ತಿನಲ್ಲಿ, ರನ್‌ವೇ ಇನ್ನೂ ದೂರವಿದೆಯೆಂಬ ಗಾಬರಿಯಿಂದ ವಿಮಾನದ ಮೂಗನ್ನು ಮೇಲೆತ್ತುತ್ತ ಹೋದರೆ ವೇಗ ಕುಗ್ಗಿ, ರೆಕ್ಕೆಯ ಮೇಲಣ ಗಾಳಿಯ ಹರಿವು ಚೆದರಿ, ವಿಮಾನ ಕುಸಿಯುತ್ತದೆ. ಕುಸಿಯುವಾಗ ಇನ್ನಷ್ಟು ಎಳೆಯಬೇಕೆನಿಸುವುದು ಸ್ವಭಾವ, ಮುಂದಕ್ಕೆ ತಳ್ಳುವುದು ವಿದ್ಯೆ. ಈ ವಿದ್ಯೆ ಕೈಗೆ ಹತ್ತುವ ಮೊದಲು ನಾನು ಜಕ್ಕೂರು ವಿಮಾನನಿಲ್ದಾಣದ ಸುತ್ತಮುತ್ತ ಎಷ್ಟು ಸಲ ಬಿದ್ದೆನೋ ಲೆಕ್ಕವಿಲ್ಲ. "ಇಷ್ಟು ಸಲ ಬಿದ್ದಿರಿ, ಒಂದು ಸಲವೂ ಲೋಟದ ಕಾಫಿ ತುಳುಕಲಿಲ್ಲವಲ್ಲ!" ಎಂದಳು ನನ್ನ ಹೆಂಡತಿ.

ಮಾತು ಲಘುವಾದರೂ ಪೂರ್ವಪಕ್ಷ ಗುರುವಾದುದು. ಮಿಥ್ಯೆಯಾದ ಸಾಧನದಿಂದ ಸತ್ಯವಾದ ಜ್ಞಾನ ಹುಟ್ಟೀತೆ? ಬ್ರಹ್ಮಸೂತ್ರಭಾಷ್ಯದ ಎರಡನೆಯ ಅಧ್ಯಾಯದಲ್ಲಿ ಶಂಕರಾಚಾರ್ಯರು ಎದುರಿಸುವ ಆಕ್ಷೇಪ ಇದೇ. ಜಗತ್ತಿನೊಡನೆ ಶಾಸ್ತ್ರವೂ ಮಿಥ್ಯೆಯಾದರೆ ಅದರಿಂದ ಬ್ರಹ್ಮಜ್ಞಾನವು ಹೇಗೆ ಲಭಿಸೀತೆಂದು ಕೇಳುವವನಿಗೆ ಅವರು, ವಿಷವೇರಿತೆಂಬ ಬರಿಯ ಶಂಕೆಯಿಂದಲೇ ಮರಣಾದಿಗಳು ಸಂಭವಿಸುವುದನ್ನೂ, ಕನಸಿನಲ್ಲಿ ಹಾವು ಕಚ್ಚಿದುದು ಸುಳ್ಳಾದರೂ ಹಾಗೆ ಕಂಡೆನೆಂಬ ಅರಿವು ಎಚ್ಚರದಲ್ಲಿ ಬಾಧಿತವಾಗದೆ ಉಳಿಯುವುದನ್ನೂ, ತಾವು ಅಕ್ಷರಗಳಲ್ಲದ ಗೆರೆಗಳಿಂದ ಅಕಾರಾದಿಗಳ ಬೋಧೆಯಾಗುವುದನ್ನೂ ತೋರಿಸಿಕೊಡುತ್ತಾರೆ. ಗೆರೆಗಳ ದೃಷ್ಟಾಂತ ನನಗೆ ಬಹಳ ಹಿಡಿಸಿತು. ತೆರೆಯ ಮೇಲಣ ರನ್‌ವೇಯಾದರೂ ಗೆರೆಯಲ್ಲದೆ ಮತ್ತೇನು? (ಹಳೆಯ ಮೈಕ್ರೋಸಾಫ್ಟ್ ಆವೃತ್ತಿಗಳಲ್ಲಿ ಹಾರಾಟ ಮೊದಲಾಗುತ್ತಿದ್ದ ಷಿಕಾಗೋದ ಮೇಗ್ಸ್ ಫೀಲ್ಡನ್ನು 2003ರಲ್ಲಿ ರಾತ್ರೋರಾತ್ರಿ ಅಗೆದು ಹಾಕಿದರು, ಬಿಂಬವಳಿದರೂ ಆ ಹಳೆಯ ಡಿಸ್ಕುಗಳೊಳಗೆ ಪ್ರತಿಬಿಂಬ ಅಳಿದಿಲ್ಲ.)

ಇಷ್ಟಾದರೂ ಆ ಕಾಫಿ ನನ್ನನ್ನು ಬಿಡಲಿಲ್ಲ. ಮೈಯನ್ನೂ ಓಲಾಡಿಸುವ ಮಿಥ್ಯಾವಿಮಾನ ಹಿಂದೆಯೇ ಇತ್ತಲ್ಲ. ಅಮೆರಿಕದ ಬಿಂಗ್‌ಹ್ಯಾಮ್ಟನ್ನಿನಲ್ಲಿ ಎಡ್ವಿನ್ ಲಿಂಕ್ ಎಂಬವರು 1929ರ ಸುಮಾರಿಗೆ, ತಂದೆಯ ಆರ್ಗನ್ ಕಾರ್ಖಾನೆಯ ತಿದಿಗಳನ್ನೇ ಬಳಸಿಕೊಂಡು, ನೆಲದ ಮೇಲಿದ್ದೇ ವಾಲುವ, ಓಲಾಡುವ ವಿಮಾನವೊಂದನ್ನು ಕಟ್ಟಿದರು. 1934ರಲ್ಲಿ ಅಂಚೆ ಸಾಗಿಸಲು ಹೊರಟ ಸೇನಾವೈಮಾನಿಕರು ಕೆಟ್ಟ ಹವೆಗೆ ಸಿಕ್ಕಿ ಸತ್ತ ಬಳಿಕ ಅಲ್ಲಿಯ ಸೇನೆ ಅದನ್ನು ಕೊಂಡಿತು. ಏಕೆಂದರೆ ಮೋಡವನ್ನು ಹೊಕ್ಕವನಿಗೆ ಗಾಳಿಗಿಂತ ದೊಡ್ಡ ಶತ್ರು ಅವನ ಒಳಗಿವಿ. ವಿಮಾನವು ಒಂದೇ ಸಮನೆ ತಿರುಗುತ್ತಲೇ ಇದ್ದರೆ, ಆ ಕಿವಿಯ ನಾಳಗಳೊಳಗಿನ ದ್ರವವು ನಾಳಗಳೊಡನೆಯೇ ಚಲಿಸತೊಡಗಿ, ತಿರುಗುತ್ತಿದ್ದೇನೆಂಬ ಅರಿವೇ ಅಳಿಸಿಹೋಗುತ್ತದೆ. ಆಮೇಲೆ ರೆಕ್ಕೆಗಳನ್ನು ನೆಟ್ಟಗೆ ಮಾಡಿದರೆ, ಎದುರು ದಿಕ್ಕಿಗೆ ತಿರುಗಿಬಿಟ್ಟೆನೆಂದು ಮೈಯೆಲ್ಲ ಕೂಗಿಕೊಳ್ಳುತ್ತದೆ. ಆಗ ಪ್ರತ್ಯಕ್ಷವೇ ಭ್ರಮೆ, ಗಾಜಿನ ಹಿಂದಣ ಮುಳ್ಳೇ ಪ್ರಮಾಣ. ಹಾಗೆ ಸರಿಯಾಗಿ ವಾಲಿ ತಿರುಗುವ ನಿಜವಾದ ವಿಮಾನದಲ್ಲಿಯೂ ಲೋಟದ ಕಾಫಿ ತುಳುಕುವುದಿಲ್ಲ. ವೈಮಾನಿಕ ಮೋಸಹೋಗುವುದು ಅದರಿಂದಲೇ.

ಹೀಗಾಗಿ ನನ್ನ ಮೇಜಿನ ವಿಮಾನದಲ್ಲಿ ಕೊರತೆಯಾಗಿರುವುದು ಸತ್ಯವೆಂದು ನನಗೆ ಈಗ ತೋರುವುದಿಲ್ಲ. ಮುಳ್ಳುಗಳೆಲ್ಲ ಸರಿಯಾಗಿಯೇ ಇವೆ, ಇಲ್ಲದಿರುವುದು ಭ್ರಮೆ. ಹಗ್ಗವನ್ನು ಕಂಡೂ ಹಾವೆಂದು ಎಂದೂ ಬೆದರದವನು ಅದನ್ನು ಹಗ್ಗವೆಂದು ಹೇಳಿದರೆ ಅದೇನು ಜ್ಞಾನ? ನಿನ್ನೆ ಸಂಜೆ ನಂದಿಬೆಟ್ಟದ ಮೇಲಣ ಮೋಡವನ್ನು ಹೊಕ್ಕು, ಎಡಕ್ಕೆ ಬಹಳ ಹೊತ್ತು ತಿರುಗಿ, ರೆಕ್ಕೆಗಳನ್ನು ನೆಟ್ಟಗೆ ಮಾಡಿಕೊಂಡು ಕಾದು ಕುಳಿತೆ. ಕಿವಿ ಯಾವ ಆಕ್ಷೇಪವನ್ನೂ ಎತ್ತಲಿಲ್ಲ.